√50 + √18 ಅಂದರೆ √68 ಯಾಕಲ್ಲ?

ಶಿರಸಿಯ ಆಯಿ:
ಮಗಳು ಒಂಬತ್ತನೇ ಕ್ಲಾಸು. ನಿನ್ನೆ ಸಂಜೆ ನಾನು ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದೆ. ಅವಳು ಪಟ್ಟಿ ಹಿಡಿದು ಬಂದಳು. √50 + √18 ಕೂಡಿಸಿ √68 ಅಂತ ಬರೆದಿದ್ದಾಳೆ. ಪುಸ್ತಕದ ಹಿಂದೆ ಉತ್ತರ 8√2. "ಗುಣಿಸುವಾಗ √50 × √18 = √900 ಮಾಡಬಹುದು, 30 ಬರುತ್ತದೆ. ಕೂಡಿಸುವಾಗ ಎಂತಕ್ಕೆ ಆಗ್ತಿಲ್ಲೆ ಆಯಿ?" ಅಂತ ಕೇಳಿದಳು. ಇವರು "ರೂಲ್ ಹಂಗೇ ಇದ್ದು, ಬಾಯಿಪಾಠ ಮಾಡು" ಅಂದು ತೋಟಕ್ಕೆ ಹೋದರು. ನನಗೂ ಹೇಳಲು ಬರಲಿಲ್ಲ. ಯಾರಾದರೂ ಬಿಡಿಸಿ ಹೇಳಿ.

ಕುಮಟೆಯವ:
ಅಕ್ಕಾ, ಸಣ್ಣ ಸಂಖ್ಯೆ ಇಟ್ಟು ನೋಡಿ. √9 + √16 ಅಂದರೆ 3 + 4, ಒಟ್ಟು 7. ಒಳಗೇ ಕೂಡಿಸಿದರೆ √25, ಬರೀ 5. ನಿಮ್ಮ ಲೆಕ್ಕಕ್ಕೆ: √50 = √(25 × 2) = 5√2. √18 = √(9 × 2) = 3√2. ಐದು ಮತ್ತು ಮೂರು, ಎಂಟು √2. ಅಷ್ಟೇ.

ಕಾರವಾರದ ಹಳೇ ಮಾಸ್ತರ:
ಲೆಕ್ಕ ಸರಿ, ಆದರೆ ಹುಡುಗಿ ಕೇಳಿದ್ದು "ಎಂತಕ್ಕೆ" ಅಂತ ಅಲ್ವಾ? ತಂಗಿ, ನಿಮ್ಮಲ್ಲಿ ಜಾಗದ ಲೆಕ್ಕ ಗುಂಟೆಯಲ್ಲೇ ತಾನೇ? 2 ಗುಂಟೆಯ ಒಂದು ಚೌಕ, 8 ಗುಂಟೆಯ ಇನ್ನೊಂದು ಚೌಕ ಅಂದುಕೊಳ್ಳಿ. √2, √8 ಅನ್ನುವುದು ಅವುಗಳ ಬದಿ, ಜಾಗವಲ್ಲ. ನೀವು ಕೂಡಿಸುತ್ತಿರುವುದು ಬದಿಗಳನ್ನು. ಎರಡೂ ಬದಿಗಳನ್ನು ಉದ್ದಕ್ಕೆ ಜೋಡಿಸಿ, ಅಷ್ಟುದ್ದದ ದೊಡ್ಡ ಚೌಕ ಎಳೆಯಿರಿ. ಒಂದು ಮೂಲೆಗೆ 2 ಗುಂಟೆಯದು, ಎದುರು ಮೂಲೆಗೆ 8 ಗುಂಟೆಯದು ಕೂರುತ್ತದೆ. ಆದರೂ ಎರಡು ಪಟ್ಟೆ ಖಾಲಿ ಉಳಿಯುತ್ತವೆ. ಒಂದೊಂದೂ √2 × √8, ಅಂದರೆ 4 ಗುಂಟೆ. 2 + 8 + 4 + 4 = 18. ಹಾಗಾಗಿ √2 + √8 = √18. ಬರೀ √10 ಬರೆದವರು ಆ ಎರಡು ಪಟ್ಟೆ ಮರೆತಿರುತ್ತಾರೆ. ಗುಣಾಕಾರದಲ್ಲಿ ಈ ತಾಪತ್ರಯವಿಲ್ಲ: √2 × √8 ಅನ್ನು ವರ್ಗ ಮಾಡಿದರೆ 2 × 8 ಮಾತ್ರ ಬರುತ್ತದೆ, ಏನೂ ಉಳಿಯುವುದಿಲ್ಲ.

ಈ 2 ಮತ್ತು 8 ನನ್ನದಲ್ಲ. ಸುಮಾರು 1150ರಲ್ಲಿ ಭಾಸ್ಕರಾಚಾರ್ಯ ಬರೆದ 'ಬೀಜಗಣಿತ'ದಲ್ಲಿ ಕರಣಿ ಕೂಡಿಸುವುದಕ್ಕೆ ಇದೇ ಉದಾಹರಣೆ ಇದೆ. ವರ್ಗಮೂಲ ಸರಿಯಾಗಿ ಬಿಡದ ಸಂಖ್ಯೆಗೆ ಕರಣಿ ಅನ್ನುತ್ತಾರೆ.

ಶಿರಸಿಯ ಆಯಿ:
ಮಾಸ್ತರೇ, ಅಂಗಳದಲ್ಲಿ ರಂಗೋಲಿ ಪುಡಿಯಲ್ಲೇ ಎಳೆದೆವು. 50 + 18 + 30 + 30 = 128. ಕೊನೆಗೂ √128 ಅಂದರೆ 8√2! ಅರವತ್ತು ಎಲ್ಲಿ ಕಳೆದಿತ್ತು ಅಂತ ಈಗ ಕಂಡಿತು. √3 + √7 ಕೂಡ ಹೀಗೇ ಸೇರುತ್ತದಾ?

ಕಾರವಾರದ ಹಳೇ ಮಾಸ್ತರ:
ಅದು ಸೇರುವುದಿಲ್ಲ. ಒಳಗಿನ ಎರಡನ್ನು ಗುಣಿಸಿ ನೋಡಿ. 21 ಪೂರ್ಣ ವರ್ಗವಲ್ಲ, ಪಟ್ಟೆ ಸರಿಯಾಗಿ ಅಳತೆಗೆ ಸಿಗುವುದಿಲ್ಲ. ಭಾಸ್ಕರಾಚಾರ್ಯರೂ 3 ಮತ್ತು 7 ಅನ್ನು ಬೇರೆ ಬೇರೆಯಾಗಿಯೇ ಬಿಟ್ಟಿದ್ದಾರೆ. ನಾಳೆ ಮಗಳಿಗೆ √12 + √27 ಕೊಡಿ. 12 × 27 = 324, ಅದು 18ರ ವರ್ಗ. ಸೇರುತ್ತದೆ. ಉತ್ತರ ನಾನು ಹೇಳುವುದಿಲ್ಲ.