ಹುಬ್ಬಳ್ಳಿಯಿಂದ ನೇತ್ರಾಣಿಗೆ: ಈಜು ಬರದಿದ್ದರೆ ಸ್ನಾರ್ಕಲಿಂಗ್ ಆಗುತ್ತದಾ?

ಡಿಸೆಂಬರ್ ರಜೆಗೆ ಮುರ್ಡೇಶ್ವರ, ಅಲ್ಲಿಂದ ನೇತ್ರಾಣಿ ದ್ವೀಪಕ್ಕೆ ಸ್ನಾರ್ಕಲಿಂಗ್ (ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಇಟ್ಟುಕೊಂಡು, ತೇಲುತ್ತಾ ನೀರೊಳಗೆ ನೋಡುವುದು) ಮಾಡಲು ಅಂತ ಮಾತಾಡ್ಕೊಂಡಿದ್ದೇವೆ. ಮಗಳು ಉಣಕಲ್ ಕೆರೆಯನ್ನು ದಂಡೆಯಿಂದ ನೋಡಿದ್ದಾಳೆ, ಅಷ್ಟೇ. ನನಗೂ ಈಜು ಬರುವುದಿಲ್ಲ. ಹೋಗಬಹುದಾ?

ಉತ್ತರ 1: ಧಾರಾಳವಾಗಿ ಹೋಗಿ ಅಕ್ಕಾ. ಲೈಫ್ ಜಾಕೆಟ್ ತೇಲಿಸುತ್ತದೆ. ಮಾಸ್ಕ್ ಮೂಗು ಮುಚ್ಚುತ್ತದೆ, ಬಾಯಿಂದಲೇ ಉಸಿರಾಡಬೇಕು, ಅದು ರೂಢಿ ಇಲ್ಲದೆ ಗಾಬರಿಯಾಗಿಯೇ ಜಾಸ್ತಿ ಜನ ಉಪ್ಪುನೀರು ಕುಡಿಯುವುದು. ದಪ್ಪ ಮೀಸೆ ಇದ್ದವರಿಗೆ ಮಾಸ್ಕ್ ಸರಿಯಾಗಿ ಕೂರುವುದಿಲ್ಲ, ಯಜಮಾನರಿಗೆ ಹೇಳಿಬಿಡಿ!

ಉತ್ತರ 2: ದಡದಿಂದ ಸುಮಾರು 19 ಕಿ.ಮೀ. ದೋಣಿ ಪ್ರಯಾಣ ರೀ, ಹೊಟ್ಟೆ ತೊಳಸುತ್ತದೆ. ಬೆಳಿಗ್ಗೆ ಎರಡು ಇಡ್ಲಿ ಸಾಕು, ಮಿರ್ಚಿ-ಗಿರ್ಮಿಟ್ ಸಂಜೆಗಿರಲಿ.

ಉತ್ತರ 3: ಹವಳದ ಮೇಲೆ ಕಾಲಿಡಬೇಡಿ. ನೋಡಲು ಕಲ್ಲು, ಆದರೆ ಜೀವ ಇರುತ್ತದೆ ಅಲ್ವಾ. ಕಾಲೂ ಕುಯ್ಯುತ್ತದೆ. ಮಳೆಗಾಲದಲ್ಲಿ ದೋಣಿ ಬಂದ್, ಡಿಸೆಂಬರ್ ಒಳ್ಳೆಯದು.