ಐದರಿಂದ ಏಳನೇ ತರಗತಿಯವರ ಪ್ರಾಜೆಕ್ಟ್ ಬರವಣಿಗೆ: ಮೇಷ್ಟ್ರನ್ನು ಕೇಳಿ

ಪೋಷಕಿ, ಕೋಲಾರ: ನಮಸ್ಕಾರ ಮೇಷ್ಟ್ರೇ. ನಮ್ಮೂರ ಕೆರೆ ಕೊನೆಯ ಬಾರಿ ಕೋಡಿ ಬಿದ್ದದ್ದು ಯಾವಾಗ ಎಂಬುದನ್ನು ಆರನೇ ತರಗತಿಯ ನನ್ನ ಮಗಳು ತಾನೇ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದಾಳೆ. ತಮ್ಮ ಕಿರಿಯ ಮಗ ಹುಟ್ಟಿದ ವರ್ಷದ ನಂತರ ಬಿದ್ದೇ ಇಲ್ಲ ಎಂದು ನಮ್ಮ ಅತ್ತೆ ಹೇಳಿದರೆ, 2021ರ ನವೆಂಬರ್ ಮಳೆಗೂ ಬಿದ್ದಿತ್ತು ಎಂದು ಕೆರೆಯ ನೀರು ನೋಡಿಕೊಳ್ಳುವ ನೀರಗಂಟಿ ಹೇಳುತ್ತಾರೆ. ಅವಳು ಅತ್ತೆಯ ಮಾತನ್ನು ಹೊಡೆದುಹಾಕಿದ್ದಾಳೆ. ಬರೆದದ್ದು ಎರಡೇ ಪುಟ, ಸಾಕೇ?

ಮೇಷ್ಟ್ರು: ಪುಟದ ಚಿಂತೆ ಬಿಡಿ ತಾಯಿ, ಹೊಡೆದುಹಾಕಿದ ಸಾಲನ್ನು ಮೊದಲು ಮತ್ತೆ ಬರೆಸಿ. ಕೋಡಿ ಕಲ್ಲಿನ ಮೇಲೆ ಬೆರಳುದ್ದ ನೀರು ಹರಿದರೂ ನೀರಗಂಟಿಗೆ ಅದು ಕೋಡಿಯೇ. ನಿಮ್ಮ ಅತ್ತೆಯವರ ಲೆಕ್ಕದಲ್ಲಿ ಕೋಡಿ ಎಂದರೆ ಏನೆಂದು ಹುಡುಗಿ ಕೇಳಿದ್ದಾಳೆಯೇ? ಇನ್ನೊಂದು ವಿಷಯವಿದೆ. ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಿಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿರುವುದರಿಂದ, ಕೆರೆ ತುಂಬಿದ್ದು ಮಳೆಯಿಂದಲೇ ಎಂದು ಈಗ ಕಣ್ಣುಮುಚ್ಚಿ ಬರೆಯುವಂತಿಲ್ಲ. ನಿಮ್ಮ ಕೆರೆ ಆ ಸಾಲಿನಲ್ಲಿದೆಯೇ ಎಂದು ನೀರಗಂಟಿಯನ್ನೇ ವಿಚಾರಿಸಲಿ. ಈ ವಯಸ್ಸಿನವರಿಂದ ನಾನು ಬಯಸುವುದು ಒಂದು ಸಣ್ಣ ಪ್ರಶ್ನೆ, ಯಾರು ಯಾವ ದಿನ ಏನು ಹೇಳಿದರೆಂಬ ದಾಖಲೆ, ಕಂಡದ್ದಕ್ಕೂ ಊಹಿಸಿದ್ದಕ್ಕೂ ಬೇರೆ ಬೇರೆ ವಾಕ್ಯ. ಉತ್ತರ ಸಿಗದಿದ್ದರೆ ಸಿಗಲಿಲ್ಲವೆಂದು ಬರೆದರೂ ಪೂರ್ಣ ಅಂಕ ಕೊಡುತ್ತೇನೆ.

ಪೋಷಕ, ಹುಬ್ಬಳ್ಳಿ: ಐದನೇ ತರಗತಿಗೆ ಎಷ್ಟು ಪುಟ ಇರಬೇಕು ಸರ್?

ಮೇಷ್ಟ್ರು: ನಾನು ಪುಟ ಎಣಿಸುವುದಿಲ್ಲ.

ಪೋಷಕಿ, ಮೈಸೂರು: ವಿಶ್ವೇಶ್ವರಯ್ಯನವರು ಹುಟ್ಟಿದ್ದು ಒಂದು ಪುಸ್ತಕದಲ್ಲಿ 1860, ಇನ್ನೊಂದರಲ್ಲಿ 1861 ಎಂದಿದೆ. ಮಗ ಯಾವುದನ್ನು ಬರೆಯಬೇಕು?

ಪೋಷಕ, ದಾವಣಗೆರೆ: ಎಲ್ಲರಿಗೂ ಉಪಯೋಗವಾಗಲೆಂದು ಒಂದು ಮಾದರಿ ಪ್ರಬಂಧ ಹಾಕಿದ್ದೇನೆ. ನಮ್ಮ ರಾಷ್ಟ್ರಗೀತೆಯನ್ನು ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠವೆಂದು ಘೋಷಿಸಿದ ವಿವರವೂ ಅದರಲ್ಲಿದೆ.

ಮೇಷ್ಟ್ರು: ಯುನೆಸ್ಕೊ ಅಂಥ ಘೋಷಣೆಯನ್ನು ಮಾಡಿಯೇ ಇಲ್ಲ. ಚಂದ್ರನಿಂದ ಚೀನಾದ ಮಹಾಗೋಡೆ ಬರಿಗಣ್ಣಿಗೆ ಕಾಣುತ್ತದೆಂಬ ಎರಡನೇ ಪ್ಯಾರಾವೂ ಸುಳ್ಳು. ದಯವಿಟ್ಟು ಅಳಿಸಿ, ಇದನ್ನೇ ನಕಲು ಮಾಡಿದ ಒಂಬತ್ತು ಪುಸ್ತಕಗಳನ್ನು ಕಳೆದ ವರ್ಷ ತಿದ್ದಿದ್ದೇನೆ, ಒಂಬತ್ತರಲ್ಲೂ ಒಂದೇ ಕಾಗುಣಿತ ತಪ್ಪಿತ್ತು.

ಪೋಷಕ, ದಾವಣಗೆರೆ: ಒಳ್ಳೆಯ ಉದ್ದೇಶದಿಂದ ಹಾಕಿದ್ದು ಸರ್. ಇಷ್ಟು ಕಟುವಾಗಿ ಹೇಳಬೇಕಿರಲಿಲ್ಲ.

ಪೋಷಕಿ, ಮೈಸೂರು: ಜೆರಾಕ್ಸ್ ಅಂಗಡಿಯಲ್ಲಿ ರೆಡಿಮೇಡ್ ಪ್ರಾಜೆಕ್ಟ್ ಕೊಳ್ಳುವವರಿಗೆ ಕಟುವಾಗಿಯೇ ಹೇಳಬೇಕು.

ಪೋಷಕ, ಹುಬ್ಬಳ್ಳಿ: ಮೇಡಂ, ನಾವಿಬ್ಬರೂ ದುಡಿಯುವವರು. ರಾತ್ರಿ ಒಂಬತ್ತಕ್ಕೆ ಮಗ ಥರ್ಮೊಕೋಲ್ ಬೇಕೆಂದರೆ ಜೆರಾಕ್ಸ್ ಅಂಗಡಿಯೇ ಗತಿ. ನಿಮ್ಮ ಮಗನ ಚಾರ್ಟಿನ ಅಕ್ಷರ ಯಾರದೆಂದು ನಾವು ಕೇಳಿದ್ದೇವೆಯೇ?

ಪೋಷಕಿ, ಮೈಸೂರು: ಮಕ್ಕಳ ವಿಷಯವನ್ನು ಇಲ್ಲಿ ವೈಯಕ್ತಿಕ ಮಾಡಬೇಡಿ.

ಪೋಷಕ, ಹುಬ್ಬಳ್ಳಿ: ಆರಂಭಿಸಿದವರು ನೀವು. ಸರ್, ಕನಿಷ್ಠ ಎಷ್ಟು ಪುಟ ಎಂದಾದರೂ ತಿಳಿಸಿ.

ಮೇಷ್ಟ್ರು: ಮೇಲೆ ಓದಿ.

ಪೋಷಕಿ, ಕೋಲಾರ: ಮೇಷ್ಟ್ರೇ, ಅತ್ತೆಯನ್ನು ಕೇಳಿದೆವು. ಹೆರಿಗೆಯ ರಾತ್ರಿ ಕೋಡಿ ಹಳ್ಳ ದಾಟಲಾಗದೆ ಸೂಲಗಿತ್ತಿ ಬೆಳಗಿನವರೆಗೆ ಆಚೆ ದಡದಲ್ಲೇ ನಿಂತಿದ್ದರಂತೆ. ಅಷ್ಟು ನೀರು ಬಂದರೆ ಮಾತ್ರ ಅವರಿಗೆ ಕೋಡಿ. ಕೆ.ಸಿ. ವ್ಯಾಲಿ ನೀರು ಮೇಲಿನ ಕೆರೆಯಿಂದ ನಮ್ಮದಕ್ಕೆ ಬರುತ್ತದೆಂದು ನೀರಗಂಟಿ ಹೇಳಿದರು.

ಮೇಷ್ಟ್ರು: ಸೂಲಗಿತ್ತಿಯ ಸಂಗತಿಯನ್ನು ಅಜ್ಜಿ ಹೇಳಿದಂತೆಯೇ ಬರೆಯಲಿ, ತಿದ್ದಬೇಡಿ. ನೀರಗಂಟಿಯ ಮಾತಿನ ಕೆಳಗೆ ದಿನಾಂಕ ಹಾಕಲಿ. ಆ ವರ್ಷದ ಮಳೆ ಲೆಕ್ಕ ತಾಲ್ಲೂಕು ಕಚೇರಿಯಲ್ಲಿ ಸಿಗುವುದೇ ಎಂದು ನೀವು ಜೊತೆಗೆ ಹೋಗಿ ಕೇಳಿ. ಅರ್ಜಿ ಮಾತ್ರ ಅವಳೇ ಬರೆಯಲಿ.

ಪೋಷಕಿ, ಮೈಸೂರು: 1860 ಅಥವಾ 1861 ಎಂಬ ನನ್ನ ಪ್ರಶ್ನೆಗೆ ಇನ್ನೂ ಉತ್ತರ ಬಂದಿಲ್ಲ.