ತೋಟಕ್ಕೆ ರಾಟ್‌ವೈಲರ್ ತರುವ ವಿಚಾರ: ಚಿಕ್ಕಪ್ಪನಿಗೆ

ಚಿಕ್ಕಪ್ಪ, ನೀವು ಗ್ರೂಪಿಗೆ ಹಾಕಿದ ಎರಡು ಮರಿಗಳ ಫೋಟೋ ನೋಡಿದೆ. ಒಂದು ರಾಟ್‌ವೈಲರ್, ಇನ್ನೊಂದು ಕೇನ್ ಕೋರ್ಸೋ. ಮಳವಳ್ಳಿ ತೋಟದಲ್ಲಿ ಮತ್ತೆ ಪಂಪ್‌ಸೆಟ್ ಕೇಬಲ್ ಕತ್ತರಿಸಿಕೊಂಡು ಹೋಗಿದ್ದಾರೆ, ಅದಕ್ಕೆ ಗೇಟಿನ ಹತ್ತಿರ ಒಂದು ಭಾರಿ ನಾಯಿ ಕಟ್ಟಬೇಕು, ಎರಡರಲ್ಲಿ ಯಾವುದಕ್ಕೆ ರೋಷ ಜಾಸ್ತಿ ಅಂತ ಕೇಳಿದ್ದೀರಿ. ನಮ್ಮ ಮೈಸೂರು ಮನೆಯಲ್ಲಿ ರಾಟ್‌ವೈಲರ್ ಇರುವುದರಿಂದ ನನ್ನನ್ನೇ ಹೆಸರು ಹಿಡಿದು ಕೇಳಿದಿರಿ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಊಟ ಮುಗಿಸಿಕೊಂಡು ಸಮಾಧಾನವಾಗಿ ಕೇಳಿ.

ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ಹೊತ್ತು ತೋಟದಲ್ಲಿ ಮನೆಯವರು ಯಾರೂ ಮಲಗುವುದಿಲ್ಲ ಅನ್ನುವುದಾದರೆ ಎರಡೂ ಬೇಡ. ನೀವು, ಚಿಕ್ಕಮ್ಮ ಅಲ್ಲೇ ಹೋಗಿ ಇರುವುದಾದರೆ ಮಾತ್ರ ರಾಟ್‌ವೈಲರ್ ತನ್ನಿ. ಯಾಕೆ ಅಂತ ಹೇಳುತ್ತೇನೆ.

ರಾಟ್‌ವೈಲರ್ ಜರ್ಮನಿಯ ರಾಟ್‌ವೈಲ್ ಅನ್ನುವ ಊರಿನ ನಾಯಿ. ಅಲ್ಲಿನ ಮಾಂಸದ ಅಂಗಡಿಯವರು, ದನದ ವ್ಯಾಪಾರಿಗಳು ಇದನ್ನು ಸಾಕುತ್ತಿದ್ದರು. ದನ ಹೊಡೆಯುವುದು, ಗಾಡಿ ಎಳೆಯುವುದು, ಯಜಮಾನನ ಜೊತೆ ಸಂತೆಗೆ ಹೋಗಿ ಬರುವುದು, ಇದೇ ಅದರ ಕೆಲಸ. ತಲೆತಲಾಂತರದಿಂದ ಮನುಷ್ಯನ ಪಕ್ಕದಲ್ಲೇ ನಡೆದುಕೊಂಡು ಬಂದ ಜಾತಿ. ಕೇನ್ ಕೋರ್ಸೋ ಇಟಲಿಯದು. ಹೊಲದ ಮನೆ ಕಾಯುವುದಕ್ಕೂ ಕಾಡುಹಂದಿ ಬೇಟೆಗೂ ಇಟ್ಟುಕೊಳ್ಳುತ್ತಿದ್ದರು. ಅದೂ ಅಷ್ಟೇ, ಮನೆಯವರನ್ನು ಬಿಟ್ಟಿರುವುದಿಲ್ಲ. ಎರಡಕ್ಕೂ ರೋಷ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ರೋಷ ಬರುವುದು ತನ್ನವರು ಅನ್ನುವ ಪ್ರೀತಿಯಿಂದ.

ನಮ್ಮ ಮನೆಗೆ ಸಿಲಿಂಡರ್ ತರುವ ಹುಡುಗ ಗೇಟ್ ತೆಗೆದರೆ ನಮ್ಮ ನಾಯಿ ಬೊಗಳುವುದೇ ಇಲ್ಲ. ಎದ್ದು ಬಂದು ನನಗೂ ಅವನಿಗೂ ನಡುವೆ ಅಡ್ಡ ನಿಲ್ಲುತ್ತದೆ. ಬಾಯಿ ಮುಚ್ಚಿರುತ್ತದೆ, ಕಿವಿ ಸ್ವಲ್ಪ ಮುಂದಕ್ಕೆ ಬಂದಿರುತ್ತದೆ, ಬಾಲ ಅಲ್ಲಾಡುವುದಿಲ್ಲ. ಅವನನ್ನು ಒಂದು ಸಲ ನೋಡುತ್ತದೆ, ಆಮೇಲೆ ತಿರುಗಿ ನನ್ನ ಮುಖ ನೋಡುತ್ತದೆ. ನಾನು ‘ಬಿಡು, ನಮ್ಮವನೇ’ ಅಂದರೆ ಮೈಭಾರ ಎಲ್ಲ ನನ್ನ ಕಾಲಿಗೆ ಒರಗಿಸಿ ನಿಂತುಬಿಡುತ್ತದೆ. ಹಾಗೆ ತಿರುಗಿ ಮುಖ ನೋಡುತ್ತದಲ್ಲ, ಅದೇ ಚಿಕ್ಕಪ್ಪ ಅದರ ಕಾವಲು. ಯಾರು ಬೇಕಾದವರು, ಯಾರು ಬೇಡದವರು ಅಂತ ಅದು ಕಲಿಯುವುದು ನಮ್ಮನ್ನು ನೋಡಿ. ಗೇಟಿನಲ್ಲಿ ಒಂಟಿಯಾಗಿ ಕಟ್ಟಿಹಾಕಿದರೆ ಅದು ಯಾರ ಮುಖ ನೋಡಬೇಕು?

ಕಟ್ಟಿಹಾಕಿದ ದೊಡ್ಡ ನಾಯಿಗೆ ಏನಾಗುತ್ತದೆ ಗೊತ್ತಾ? ಓಡಿಹೋಗಲು ಜಾಗ ಇಲ್ಲ, ಹತ್ತಿರ ಹೋಗಿ ಮೂಸಿ ನೋಡಲು ಚೈನು ಬಿಡುವುದಿಲ್ಲ. ದಾರಿಯಲ್ಲಿ ಹೋಗುವ ಮನುಷ್ಯ, ಬೈಕು, ಹಸು ಎಲ್ಲವೂ ಅದಕ್ಕೆ ಶತ್ರುವೇ ಆಗುತ್ತದೆ. ಭಯಕ್ಕೆ ಕಚ್ಚುವುದನ್ನು ಕಲಿಯುತ್ತದೆ. ಅಂಥ ನಾಯಿ ಕೇಬಲ್ ಕಳ್ಳನನ್ನು ಹಿಡಿಯುವುದು ಕಷ್ಟ, ಯಾಕೆಂದರೆ ಅವನು ಚೈನಿನ ಅಳತೆ ನೋಡಿಕೊಂಡು ಹಿಂದಿನ ಬೇಲಿಯಿಂದ ಬರುತ್ತಾನೆ. ಕಚ್ಚಿಸಿಕೊಳ್ಳುವವರು ಬೆಳಿಗ್ಗೆ ಅನ್ನ ಹಾಕಲು ಬರುವ ಆಳು, ಇಲ್ಲ ಅವರ ಮಗು. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ 1960ರಲ್ಲೇ ಬಂದಿದೆ. ಸದಾ ಕಟ್ಟಿಹಾಕಿದ ನಾಯಿಯನ್ನು ಓಡಾಡಿಸದೆ ಬಿಡುವುದೂ ಅದರ ಪ್ರಕಾರ ತಪ್ಪು.

ಇನ್ನೊಂದು ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಚಿರತೆ. ತಿ. ನರಸೀಪುರ, ಮಳವಳ್ಳಿ ಕಡೆ ಕಬ್ಬಿನ ಗದ್ದೆಯಲ್ಲಿ ಚಿರತೆ ಇರುವುದು ಹೊಸ ಸುದ್ದಿಯೇನೂ ಅಲ್ಲ. ಊರಂಚಿಗೆ ಅದು ಬರುವುದೇ ಹೆಚ್ಚಾಗಿ ನಾಯಿಗೋಸ್ಕರ, ಕುರಿ ಮೇಕೆಗೋಸ್ಕರ. ರಾತ್ರಿ ಬಯಲಲ್ಲಿ ಕಟ್ಟಿದ ನಾಯಿ ಅಂದರೆ ನಾವೇ ಕರೆದು ಕೊಟ್ಟ ಹಾಗೆ. 50 ಕೆಜಿ ನಾಯಿ ಆದರೂ ಕುತ್ತಿಗೆಗೆ ಚೈನು ಇದ್ದರೆ ಏನು ಮಾಡಲು ಸಾಧ್ಯ? ತೋಟದಲ್ಲಿ ಯಾವ ನಾಯಿ ಇಟ್ಟರೂ ರಾತ್ರಿಗೆ ನಾಲ್ಕು ಕಡೆಯೂ ಮೇಲೂ ಗಟ್ಟಿ ಮೆಶ್ ಹಾಕಿದ ಗೂಡು ಬೇಕೇ ಬೇಕು, ಇಲ್ಲ ಅಂದರೆ ನಿಮ್ಮ ಜೊತೆ ಮನೆಯೊಳಗೇ ಮಲಗಬೇಕು.

ಅಣ್ಣ ಮಧ್ಯದಲ್ಲಿ ಆಲಬಾಯ್, ಕಂಗಾಲ್ ವಿಡಿಯೋ ಹಾಕಿದ್ದಾನೆ. ನೋಡಲು ಬಹಳ ಚೆನ್ನಾಗಿವೆ, ನಿಜ. ಕಂಗಾಲ್ ಟರ್ಕಿಯದು, ಗೋಧಿ ಬಣ್ಣದ ಮೈ, ಕಪ್ಪು ಮುಖ. ತೋಳ ಬಂದರೆ ಕುರಿಮಂದೆ ಕಾಯಲು ಸಾಕುವ ನಾಯಿ. ಆಲಬಾಯ್, ಕಾಕೇಶಿಯನ್ ಶೆಫರ್ಡ್ ಕೂಡ ಅದೇ ಕೆಲಸದವು. ಇವು ಯಜಮಾನನ ಮಾತಿಗೆ ಕಾಯುವುದಿಲ್ಲ, ತಾವೇ ತೀರ್ಮಾನ ತೆಗೆದುಕೊಳ್ಳುತ್ತವೆ. ಬೆಟ್ಟದ ಮೇಲೆ ಕುರುಬ ಮಲಗಿರುವಾಗ ಆ ಗುಣ ಬೇಕು. ಹಾಲಿನವರು, ಲೈನ್‌ಮ್ಯಾನ್, ನೆಂಟರು ಬಂದು ಹೋಗುವ ನಮ್ಮ ಮನೆಗಳಲ್ಲಿ ಆ ಗುಣವನ್ನು ನಿಭಾಯಿಸುವುದು ಬಹಳ ಕಷ್ಟ. ಕಾಕೇಶಿಯನ್ ಅಂತೂ ಹಿಮದ ಚಳಿಗೆ ಎರಡು ಪದರ ಕೂದಲು ಬೆಳೆಸಿಕೊಂಡ ನಾಯಿ. ಮಂಡ್ಯದ ಏಪ್ರಿಲ್ ಬಿಸಿಲಿಗೆ ಅದನ್ನು ತಂದು ನಿಲ್ಲಿಸುವುದು ನನಗೆ ಪಾಪ ಅನ್ನಿಸುತ್ತದೆ.

ಈಗ ನೀವು ತೋಟದ ಮನೆಯಲ್ಲೇ ಇರುತ್ತೀರಿ ಅಂತ ಇಟ್ಟುಕೊಂಡು ಮಾತಾಡುತ್ತೇನೆ. ರಿಟೈರ್ ಆದ ಮೇಲೆ ಹೋಗುತ್ತೇವೆ ಅಂತ ಚಿಕ್ಕಮ್ಮ ಹೇಳುತ್ತಿದ್ದರಲ್ವಾ.

ಒಳ್ಳೆಯ ರಾಟ್‌ವೈಲರ್ ಗಂಡು 61ರಿಂದ 68 ಸೆಂಟಿಮೀಟರ್ ಎತ್ತರ, ಸುಮಾರು 50 ಕೆಜಿ. ಹೆಣ್ಣು ಸ್ವಲ್ಪ ಚಿಕ್ಕದು, 42 ಕೆಜಿ ಆಸುಪಾಸು. ಮೈ ಕಪ್ಪು. ಹುಬ್ಬಿನ ಮೇಲೆ, ಕೆನ್ನೆಯಲ್ಲಿ, ಎದೆಯಲ್ಲಿ, ಕಾಲಲ್ಲಿ ಕಂದು ಮಚ್ಚೆ, ಕಪ್ಪು ಎಲ್ಲಿ ಮುಗಿಯಿತು ಅಂತ ಗೆರೆ ಎಳೆದ ಹಾಗೆ ಕಾಣಬೇಕು. ಮಾರುವವರು 70 ಕೆಜಿ ಆಗುತ್ತದೆ ಸಾರ್, ಅಪ್ಪ ಅಷ್ಟು ದೊಡ್ಡದು ಅಂತ ಹೇಳಿದರೆ ಅದು ಹೊಗಳಿಕೆ ಅಲ್ಲ. ಅಷ್ಟು ಭಾರ ಹೊರಲು ಆ ಸೊಂಟದ ಕೀಲು ಮಾಡಿಲ್ಲ. ನಾನಾದರೆ ಹೆಣ್ಣು ಮರಿಯನ್ನೇ ಆರಿಸುತ್ತೇನೆ. ಎಳೆದರೆ ಚಿಕ್ಕಮ್ಮನ ಕೈಯಲ್ಲೂ ಹಿಡಿಯಲು ಆಗಬೇಕು.

ಫೋಟೋದಲ್ಲಿ ಕೇನ್ ಕೋರ್ಸೋ ಮರಿಯ ಕಿವಿ ಕತ್ತರಿಸಿ ಟೇಪ್ ಸುತ್ತಿದ್ದಾರೆ. ಅದು ನೋಡಿ ನನಗೆ ಸಂಕಟ ಆಯಿತು. ಸುಮ್ನೆ ಗತ್ತಿಗೆ ಮಾಡುವುದು ಅದು, ನಾಯಿಗೆ ನೋವು ಬಿಟ್ಟರೆ ಒಂದು ಪೈಸೆ ಉಪಯೋಗ ಇಲ್ಲ. ನಾಯಿಗಳು ಒಂದಕ್ಕೊಂದು ಮಾತಾಡುವುದೇ ಕಿವಿ ಬಾಲದಲ್ಲಿ. ಬಾಲ ಕತ್ತರಿಸಿದ ರಾಟ್‌ವೈಲರ್ ಮರಿ ಕೊಡುವವರ ಹತ್ತಿರವೂ ತರಬೇಡಿ.

ಮರಿ ಬಂದ ಮೇಲೆ ಮೊದಲ ಕೆಲವು ವಾರ ಬಹಳ ಮುಖ್ಯ. ಮೂರು ವಾರದಿಂದ ಹದಿನಾಲ್ಕು ವಾರದ ತನಕ ಅದು ಏನೇನು ನೋಡುತ್ತದೋ ಅದನ್ನೆಲ್ಲ ಲೋಕ ಅಂತ ಒಪ್ಪಿಕೊಳ್ಳುತ್ತದೆ. ಹೆಲ್ಮೆಟ್ ಹಾಕಿದವರು, ಕೊಡೆ ಹಿಡಿದವರು, ಕಂಬಳಿ ಹೊದ್ದವರು, ಟ್ರ್ಯಾಕ್ಟರ್, ತಮಟೆ, ಹಸು, ಮಕ್ಕಳು, ಎಲ್ಲ ತೋರಿಸಬೇಕು. ಲಸಿಕೆ ಪೂರ್ತಿ ಆಗುವ ತನಕ ನೆಲಕ್ಕೆ ಬಿಡದೆ ಎತ್ತಿಕೊಂಡೇ ತೋರಿಸಿ. ಯಾರಿಗೂ ತೋರಿಸದೆ ಕತ್ತಲೆಯಲ್ಲಿ ಇಟ್ಟರೆ ರೋಷ ಬರುತ್ತದೆ ಅನ್ನುವವರು ಊರಲ್ಲಿ ಇದ್ದಾರೆ. ಬರುವುದು ಹೇಡಿತನ. ಹೇಡಿ ನಾಯಿ 50 ಕೆಜಿ ಇದ್ದರೆ ಅದರಷ್ಟು ಅಪಾಯ ಬೇರೆ ಇಲ್ಲ. ಮೆಣಸಿನಕಾಯಿ ತಿನ್ನಿಸುವುದು, ಕೋಲಲ್ಲಿ ಕೆಣಕುವುದು, ಇವೆಲ್ಲ ದಯವಿಟ್ಟು ಆಳಿಗೂ ಮಾಡಲು ಬಿಡಬೇಡಿ.

ಮಕ್ಕಳ ವಿಚಾರ ಅತ್ತೆ ಕೇಳಿದ್ದಾರೆ. ಅತ್ತೆ, ಚೆನ್ನಾಗಿ ಬೆಳೆಸಿದ ನಾಯಿ ಮಕ್ಕಳನ್ನು ಬಹಳ ಸಹಿಸಿಕೊಳ್ಳುತ್ತದೆ. ಆದರೂ ಎಂಥ ನಾಯಿ ಆಗಲಿ, ದೊಡ್ಡವರು ಕಣ್ಣಿಟ್ಟು ನೋಡದೆ ಮಕ್ಕಳನ್ನು ಅದರ ಜೊತೆ ಬಿಡಬಾರದು. ಪ್ರೀತಿಯಿಂದ ಹಾರಿದರೂ ಮಗು ಬಿದ್ದು ತಲೆ ಒಡೆದುಕೊಳ್ಳಬಹುದು. ತಿನ್ನುವಾಗ, ಮಲಗಿದಾಗ ಹತ್ತಿರ ಬಿಡಲೇಬೇಡಿ. ಜನ ಸೇರುವ ಕಡೆ ಬಾಯಿಗೆ ಕುಕ್ಕೆ ಹಾಕುವ ಅಭ್ಯಾಸವನ್ನು ಮರಿಯಿಂದಲೇ ಮಾಡಿಸಿ.

ಊಟದ ವಿಷಯದಲ್ಲಿ ನಮ್ಮ ಕಡೆಯವರದು ಪ್ರೀತಿ ಜಾಸ್ತಿ. ಬೇಗ ದೊಡ್ಡದಾಗಲಿ ಅಂತ ಹಾಲು, ಮೊಟ್ಟೆ, ಕ್ಯಾಲ್ಸಿಯಂ ಸಿರಪ್ ಎಲ್ಲ ಸುರಿಯುತ್ತಾರೆ. ದೊಡ್ಡ ಜಾತಿಯ ಮರಿಗಳ ಕರುಳು ಹೆಚ್ಚಾದ ಕ್ಯಾಲ್ಸಿಯಂ ಬೇಡ ಅಂತ ತಡೆಯುವುದಿಲ್ಲ, ಅಷ್ಟೂ ಮೈಗೆ ಹೋಗಿ ಮೂಳೆ ಸೊಟ್ಟಗೆ ಬೆಳೆಯುತ್ತದೆ. ಡಾಕ್ಟರ್ ಬರೆದುಕೊಡದೆ ಸಿರಪ್ ಕೊಡಬೇಡಿ. ದೊಡ್ಡ ಜಾತಿಯ ಮರಿಗಳಿಗೆ ಅಂತಲೇ ಬರುವ ಫುಡ್ ಸಿಗುತ್ತದೆ, ಮೊದಲ ವರ್ಷ ಅದನ್ನೇ ಹಾಕಿ. ಬರೀ ಮುದ್ದೆ, ಬರೀ ಮೊಸರನ್ನ ಸಾಲುವುದಿಲ್ಲ, ಮಾಂಸ ಬೇಕು. ಪಕ್ಕೆಲುಬು ಕಾಣಿಸಬಾರದು, ಕೈ ಆಡಿಸಿದರೆ ಬೆರಳಿಗೆ ಸಿಗಬೇಕು, ಅಷ್ಟು ತೆಳ್ಳಗಿದ್ದರೆ ಸಾಕು. ಬೇಯಿಸಿದ ಮೂಳೆ, ಈರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಯಾವುದೂ ಬೇಡ. ಒಂದೂವರೆ ವರ್ಷ ಆಗುವ ತನಕ ಬೈಕ್ ಹಿಂದೆ ಓಡಿಸುವುದು ಬೇಡ.

ಒಂದು ಮಾತು ಬರೆದಿಟ್ಟುಕೊಳ್ಳಿ. ದೊಡ್ಡ ಎದೆಯ ನಾಯಿಗಳಿಗೆ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಕಾಯಿಲೆ ಬರುತ್ತದೆ. ಹೊಟ್ಟೆ ಉಬ್ಬುತ್ತದೆ, ವಾಂತಿಗೆ ಮತ್ತೆ ಮತ್ತೆ ಹೆಣಗುತ್ತದೆ, ಏನೂ ಬರುವುದಿಲ್ಲ, ಜೊಲ್ಲು ಸುರಿಯುತ್ತದೆ, ನಿಂತಲ್ಲಿ ನಿಲ್ಲುವುದಿಲ್ಲ. ಹಾಗೆ ಕಂಡರೆ ಸೋಡಾ, ಓಂಕಾಳು ನೀರು ಅಂತ ಕೂರಬೇಡಿ. ಕೆಲವೇ ಗಂಟೆಗಳಲ್ಲಿ ಜೀವ ಹೋಗುತ್ತದೆ, ಆಪರೇಷನ್ ಒಂದೇ ದಾರಿ. ಮಳವಳ್ಳಿಯಿಂದ ರಾತ್ರಿ ಮೈಸೂರಿಗೆ ಬರುವಷ್ಟರಲ್ಲೇ ಒಂದು ಗಂಟೆ ಹೋಗುತ್ತದೆ, ಯಾವ ಆಸ್ಪತ್ರೆ ರಾತ್ರಿ ತೆಗೆದಿರುತ್ತದೆ ಅಂತ ಈಗಲೇ ತಿಳಿದುಕೊಳ್ಳಿ. ದಿನಕ್ಕೆ ಒಂದೇ ಸಲ ಹೊಟ್ಟೆ ಬಿರಿಯ ಹಾಕದೆ ಎರಡು ಸಲ ಹಾಕಿ. ತಿಂದ ತಕ್ಷಣ ಓಡಿಸಬೇಡಿ.

ಬಿಸಿಲಿಗೆ ಕಪ್ಪು ನಾಯಿ ಬೇಗ ಸೋಲುತ್ತದೆ. ನಡೆಸುವುದು ಸೂರ್ಯ ಏರುವ ಮುಂಚೆ, ಇಳಿದ ಮೇಲೆ. ತಗಡಿನ ಶೆಡ್ ಬೇಡ, ತೆಂಗಿನ ಗರಿ ಹೊದಿಸಿದ ನೆರಳೇ ಒಳ್ಳೆಯದು. ವಿಪರೀತ ಏದುಸಿರು ಬಿಟ್ಟು ತೂರಾಡಿದರೆ ಮೈಮೇಲೆಲ್ಲ ತಣ್ಣೀರು ಹಾಕಿ, ಗಾಳಿ ಬೀಸಿ, ಹಾಗೆಯೇ ಆಸ್ಪತ್ರೆಗೆ ಹೊರಡಿ.

ಉಣ್ಣೆ ಹುಳದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಗದ್ದೆ ಬದಿಯಲ್ಲಿ ಓಡಾಡಿ ಬಂದ ನಾಯಿಯ ಬೆರಳ ಸಂದು, ಕಿವಿ ಒಳಗೆ, ಬೆಲ್ಟಿನ ಕೆಳಗೆ, ಕಂಕುಳಲ್ಲಿ ದಿನಾ ಕೈ ಆಡಿಸಿ ನೋಡಬೇಕು. ಮೊದಲು ಸಾಸಿವೆ ಕಾಳಿನಷ್ಟು ಗಂಟು ಸಿಗುತ್ತದೆ, ಬಿಟ್ಟರೆ ರಕ್ತ ಕುಡಿದು ಹರಳು ಬೀಜದಷ್ಟು ಆಗುತ್ತದೆ. ಉಣ್ಣೆ ಜ್ವರ ಬಂದರೆ ಊಟ ಬಿಡುತ್ತದೆ, ವಸಡು ಬಿಳಿಚಿಕೊಳ್ಳುತ್ತದೆ, ಕೆಲವಕ್ಕೆ ಮೂಗಿನಲ್ಲಿ ರಕ್ತ ಬರುತ್ತದೆ. ಬೇಗ ರಕ್ತ ಪರೀಕ್ಷೆ ಮಾಡಿಸಿದರೆ ಔಷಧಿಗೆ ಬಗ್ಗುತ್ತದೆ. ನಮ್ಮದು ಹಾಗೇ ಉಳಿದದ್ದು. ಉಣ್ಣೆಗೆ ಮಾತ್ರೆ ಬರುತ್ತದೆ, ಮೈಗೆ ಹಚ್ಚುವ ಔಷಧಿಯೂ ಬರುತ್ತದೆ. ಗದ್ದೆಗೆ ಹೊಡೆಯುವ ಔಷಧಿ ಮಾತ್ರ ನಾಯಿ ಮೈಗೆ ಹಾಕಲೇಬೇಡಿ.

ಲಸಿಕೆ ಆರೆಂಟು ವಾರಕ್ಕೆ ಶುರು ಮಾಡಿ ಹದಿನಾರು ವಾರದ ತನಕ ಹಾಕಿಸಬೇಕು. ರಾಟ್‌ವೈಲರ್ ಮರಿಗಳಿಗೆ ಪಾರ್ವೋ ರಕ್ತಭೇದಿ ಬೇರೆಯವಕ್ಕಿಂತ ಜಾಸ್ತಿ ತಗಲುತ್ತದೆ, ಒಂದು ಡೋಸೂ ತಪ್ಪಿಸಬೇಡಿ. ಮೂರು ತಿಂಗಳಿಗೆ ರೇಬೀಸ್, ಆಮೇಲೆ ವರ್ಷ ವರ್ಷ. ಮನೆ ನಾಯಿಯೇ ಕಚ್ಚಿದರೂ ಗಾಯವನ್ನು ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಹಚ್ಚುವುದಲ್ಲ.

ರಾಟ್‌ವೈಲರ್ ಬ್ಯಾನ್ ಆಗಿದೆಯಲ್ಲ ಅಂತ ಅಣ್ಣ ಕೇಳಿದ್ದ. 2024ರ ಮಾರ್ಚ್‌ನಲ್ಲಿ ಕೇಂದ್ರದ ಪಶುಸಂಗೋಪನಾ ಇಲಾಖೆ ರಾಟ್‌ವೈಲರ್, ಕೇನ್ ಕೋರ್ಸೋ, ಕಂಗಾಲ್ ಸೇರಿ 23 ಜಾತಿ ಬೇಡ ಅಂತ ರಾಜ್ಯಗಳಿಗೆ ಸುತ್ತೋಲೆ ಕಳಿಸಿತ್ತು. ಅದನ್ನು ನಮ್ಮ ಹೈಕೋರ್ಟ್ ಏಪ್ರಿಲ್‌ನಲ್ಲಿ ರದ್ದು ಮಾಡಿತು, ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದು ಸರಿಯಿಲ್ಲ ಅಂತ. ಆದರೆ ನಮ್ಮ ನಿರ್ಲಕ್ಷ್ಯದಿಂದ ನಾಯಿ ಯಾರಿಗಾದರೂ ಕಚ್ಚಿದರೆ ಹೊಸ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಪ್ರಕಾರ ಆರು ತಿಂಗಳ ತನಕ ಜೈಲು, 5000 ರೂಪಾಯಿ ತನಕ ದಂಡ ಆಗಬಹುದು.

ಇಷ್ಟೆಲ್ಲ ಈಗ ಆಗುವುದಿಲ್ಲ, ಕೇಬಲ್ ಉಳಿದರೆ ಸಾಕು ಅನ್ನುವುದಾದರೆ ನನ್ನ ಮಾತು ಕೇಳಿ. ಆಳಿನ ಮನೆಯವರ ಕೈಯಲ್ಲಿ ಎರಡು ನಾಟಿ ನಾಯಿ ಸಾಕಿಸಿ. ಊಟದ ಖರ್ಚು, ಲಸಿಕೆ ನೀವು ನೋಡಿಕೊಳ್ಳಿ. ನಮ್ಮ ಬಿಸಿಲು ಅವಕ್ಕೆ ಒಗ್ಗಿದೆ, ಹೊಸ ಸದ್ದು ಕೇಳಿದರೆ ಸಾಕು, ಎರಡೂ ಸೇರಿ ಊರಿಗೇ ಕೇಳುವ ಹಾಗೆ ಬೊಗಳುತ್ತವೆ. ಕೇಬಲ್ ಕಳ್ಳನಿಗೆ ಬೇಡದ್ದು ಆ ಸದ್ದೇ. ಜೊತೆಗೆ ಪಂಪ್‌ಹೌಸಿನ ಮೇಲೆ ಒಂದು ಸೋಲಾರ್ ದೀಪ, ಒಂದು ಸಿಮ್ ಕ್ಯಾಮೆರಾ. ಆ ನಾಟಿ ನಾಯಿಗಳಿಗೂ ರಾತ್ರಿ ಗೂಡು ಬೇಕು, ಚಿರತೆ ವಿಚಾರ ಮರೆಯಬೇಡಿ.

ರಾಟ್‌ವೈಲರೇ ಅಂತ ಗಟ್ಟಿ ಮಾಡಿದರೆ ಭಾನುವಾರ ಬರುತ್ತೇನೆ, ಇಬ್ಬರೂ ಹೋಗಿ ನೋಡೋಣ. ತಾಯಿ ನಾಯಿಯನ್ನು ಬಿಚ್ಚಿ ತೋರಿಸಬೇಕು, ನಮ್ಮ ಹತ್ತಿರ ಬಂದು ಮೂಸಿ ಹೋಗುವಂತಿರಬೇಕು. ಮರಿಯ ಅಪ್ಪ ಅಮ್ಮನ ಸೊಂಟದ ಎಕ್ಸ್‌ರೇ ಕೇಳೋಣ. ಮರಿಗೆ ಎಂಟು ವಾರ ತುಂಬಿರಬೇಕು, ಲಸಿಕೆ ಪುಸ್ತಕ ಕೈಗೆ ಕೊಡಬೇಕು. ಅಲ್ಲಿಯ ತನಕ ಫೋಟೋ ನೋಡಿ ಅಡ್ವಾನ್ಸ್ ಹಾಕಬೇಡಿ ಚಿಕ್ಕಪ್ಪ.